ತಾರಸಿ ಮೇಲಿನ ಕರಾರು

2024ರಲ್ಲಿ ಮನೆ ಹುಡುಕುತ್ತಿದ್ದಾಗ ಬೆಂಗಳೂರಿನ ಹಳೇ ಬಡಾವಣೆಯೊಂದರಲ್ಲಿ ಥರ್ಟಿ-ಫಾರ್ಟಿ ಸೈಟಿನ ಮನೆ ನೋಡಲು ಹೋಗಿದ್ದೆವು. ಬ್ರೋಕರ್ ಗೇಟು ತೆಗೆಯುವ ಮೊದಲೇ ಮೇಲಕ್ಕೆ ಕೈ ತೋರಿಸಿದ. "ಸೋಲಾರ್ ಇದೆ ಸಾರ್, ಐದು ಕಿಲೋವ್ಯಾಟು. ಬಿಲ್ ಕಟ್ಟೋದೇ ಬೇಡ, ಅವರೇ ನಿಮಗೆ ದುಡ್ಡು ಕೊಡ್ತಾರೆ." ಮನೆ ಯಜಮಾನರು ಎಪ್ಪತ್ತು ದಾಟಿದ ನಿವೃತ್ತ ಮೇಷ್ಟ್ರು. ಆ ಪ್ಯಾನೆಲ್ಲುಗಳಿಗೆ ಅಂತಲೇ ಮೂರು ಲಕ್ಷ ಬೇರೆ ಕೇಳುತ್ತಿದ್ದರು. "ಒಂಬತ್ತು ವರ್ಷದ ಹಳೇ ಸಾಮಾನಿಗೆ ಮೂರು ಲಕ್ಷವಾ?" ಅಂತ ಹೆಂಡತಿ ನನ್ನ ಕಿವಿಯಲ್ಲಿ ಅಂದಳು.

ಸಾಮಾನಿಗೆ ಅಷ್ಟು ಬೆಲೆ ಇಲ್ಲ, ನಿಜ. ಬೆಲೆ ಇರೋದು ಅದರ ಜೊತೆಗಿರುವ ಕರಾರಿನ ತಾರೀಖಿಗೆ. ಯಾಕೆ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮೂರಿನ ತಾರಸಿಗಳ ಮೇಲೆ ಬಿಸಿಲು ಮೊದಲು ದುಡಿದದ್ದು ಸ್ನಾನದ ನೀರಿಗೆ. 2007ರಲ್ಲಿ ಸರ್ಕಾರ ಹೊಸ ಕಟ್ಟಡಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿತು. ಹಾಕಿಸಿದವರಿಗೆ ಕರೆಂಟ್ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ. ಮನೆ ಕೈ ಬದಲಾದರೂ ವಾಟರ್ ಹೀಟರ್‌ನಿಂದ ತಲೆನೋವಿಲ್ಲ. ನಲ್ಲಿ ತಿರುಗಿಸಿದರೆ ಬಿಸಿನೀರು ಬಂತೋ, ವ್ಯಾಪಾರ ಮುಗೀತು. ಬೇಡವಾದರೆ ಕಿತ್ತು ಹಾಕಬಹುದು.

ಕಿತ್ತು ಹಾಕಿದ ದೊಡ್ಡ ಉದಾಹರಣೆಯೂ ಇದೆ. ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ 1979ರ ಜೂನ್ 20ರಂದು ಶ್ವೇತಭವನದ ಮಾಡಿನ ಮೇಲೆ 32 ಸೋಲಾರ್ ಫಲಕಗಳನ್ನು ಉದ್ಘಾಟಿಸಿದರು. ಅವೂ ನೀರು ಕಾಯಿಸೋವೇ. ಮುಂದಿನ ಪೀಳಿಗೆಗೆ ಇದು ಬರೀ ಮ್ಯೂಸಿಯಂ ವಸ್ತು ಆದರೂ ಆಗಬಹುದು ಅಂತ ಆ ದಿನವೇ ಅವರು ಹೇಳಿದ್ದರು. ನಂತರ ಆ ಮನೆಗೆ ಬಂದವರು ರೇಗನ್. 1986ರಲ್ಲಿ ಮಾಡು ರಿಪೇರಿಗೆ ಅಂತ ಇಳಿಸಿದ ಫಲಕಗಳು ಮತ್ತೆ ಮೇಲೆ ಹೋಗಲೇ ಇಲ್ಲ. ಕೆಲವು ಮೇನ್ ರಾಜ್ಯದ ಒಂದು ಕಾಲೇಜಿನ ಊಟದ ಮನೆಗೆ ನೀರು ಕಾಯಿಸಿದವು, ಒಂದು ನಿಜಕ್ಕೂ ಮ್ಯೂಸಿಯಂ ಸೇರಿತು. ಹಿಂದಿನವರು ಇಷ್ಟಪಟ್ಟು ಹಾಕಿಸಿದ್ದನ್ನು ಮುಂದೆ ಬಂದವರು ಇಟ್ಟುಕೊಳ್ಳಬೇಕು ಅಂತ ಯಾವ ಕಾಗದವೂ ಅಲ್ಲಿ ಇರಲಿಲ್ಲ.

ನಮ್ಮಲ್ಲಿ ಕಾಗದ ಬಂದದ್ದು ಕರೆಂಟ್ ಮಾಡುವ ಪ್ಯಾನೆಲ್ಲುಗಳ ಜೊತೆ. 2013ರ ಅಕ್ಟೋಬರ್‌ನಲ್ಲಿ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ ಒಂದು ಆದೇಶ ಹೊರಡಿಸಿತು. ತಾರಸಿ ಸೋಲಾರಿನಿಂದ ಬಂದ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ, ಸಬ್ಸಿಡಿ ತಗೊಂಡಿದ್ದರೆ 7 ರೂಪಾಯಿ 20 ಪೈಸೆ. ಮನೆಗೆ ಬಳಸಿ ಉಳಿದದ್ದನ್ನು ಈ ದರಕ್ಕೆ ಕಂಪನಿ ಕೊಳ್ಳಬೇಕು, ಕರಾರು 25 ವರ್ಷಕ್ಕೆ. ಬೆಸ್ಕಾಂ 2014ರ ನವೆಂಬರ್‌ನಲ್ಲಿ ಇದನ್ನು ಜಾರಿಗೆ ತಂತು. ಆಗ ಮನೆಗಳಿಗೆ ಕಂಪನಿ ಮಾರುತ್ತಿದ್ದ ದರ ಇದಕ್ಕಿಂತ ಕಮ್ಮಿ. ನೀವೇ ಹೇಳಿ, ಯಾರು ಬಿಡ್ತಾರೆ? ಮನೆಗೆ ಎರಡು ಕಿಲೋವ್ಯಾಟ್ ಸಾಕಾಗಿದ್ದವರು ಐದು ಹಾಕಿಸಿದರು. ಪ್ಯಾನೆಲ್ ಬೆಲೆ ಬೇರೆ ವರ್ಷ ವರ್ಷ ಇಳಿಯುತ್ತಿತ್ತು. 2016ರ ಮೇ ತಿಂಗಳಲ್ಲಿ ಆಯೋಗ ದರವನ್ನೂ ಇಳಿಸಿತು. ಮನೆಗಳ ಸಣ್ಣ ಘಟಕಕ್ಕೆ ಸಬ್ಸಿಡಿ ಇಲ್ಲದೆ 7 ರೂಪಾಯಿ 8 ಪೈಸೆ. ನಂತರದ ಆದೇಶಗಳಲ್ಲಿ ಇನ್ನೂ ಕೆಳಗೆ ಹೋಯಿತು. ಆದರೆ ಮೊದಲೇ ಕರಾರು ಮಾಡಿಕೊಂಡು ಹೊತ್ತಿಗೆ ಸರಿಯಾಗಿ ಚಾಲೂ ಮಾಡಿದವರಿಗೆ ಹಳೇ ದರವೇ ಉಳಿಯಿತು. ಹಾಗಾಗಿ ಒಂದೇ ರಸ್ತೆಯ ಎರಡು ತಾರಸಿಗಳಲ್ಲಿ ಒಂದೇ ಥರದ ಪ್ಯಾನೆಲ್, ಒಂದೇ ಬಿಸಿಲು, ಬೇರೆ ಬೇರೆ ಸಂಪಾದನೆ.

ಮೇಷ್ಟ್ರದ್ದು 2015ರ ಕರಾರು, ಸಬ್ಸಿಡಿ ಇಲ್ಲ, ಅದೇ ವರ್ಷ ಚಾಲೂ. ಅವರ ಊಟದ ಮೇಜಿನ ಮೇಲೇ ಲೆಕ್ಕ ಹಾಕಿದೆ. ನಮ್ಮೂರಿನ ಬಿಸಿಲಿಗೆ ಕಿಲೋವ್ಯಾಟಿಗೆ ದಿನಕ್ಕೆ ಹತ್ತಿರ ಹತ್ತಿರ 4 ಯೂನಿಟ್. ಐದಕ್ಕೆ ತಿಂಗಳಿಗೆ 600. ನಾವು 250 ಬಳಸಿದರೆ ಉಳಿದ 350ಕ್ಕೆ 3,346 ರೂಪಾಯಿ. ಕರಾರು ಇನ್ನೂ ಹದಿನೈದು ವರ್ಷಕ್ಕಿಂತ ಹೆಚ್ಚು ಇದೆ. ಪ್ಯಾನೆಲ್ ವರ್ಷ ವರ್ಷ ಒಂಚೂರು ಸೊರಗುತ್ತೆ, ಇನ್ವರ್ಟರ್ ಹತ್ತು ಹನ್ನೆರಡು ವರ್ಷಕ್ಕೆ ಬದಲಾಯಿಸಬೇಕು. ಅದನ್ನೆಲ್ಲ ಕಳೆದರೂ ಮೂರು ಲಕ್ಷ ದುಬಾರಿ ಅಲ್ಲ. ಹೆಂಡತಿ ಸುಮ್ಮನಾದಳು.

ಆಮೇಲೆ ಕರಾರಿನ ಪ್ರತಿ ಕೇಳಿದೆ. ಅದು ಮೇಷ್ಟ್ರ ಹೆಂಡತಿಯ ಹೆಸರಲ್ಲಿತ್ತು. ಮನೆಯೂ ಅವರ ಹೆಸರಲ್ಲೇ ಇದ್ದದ್ದು. 2021ರಲ್ಲಿ ಅವರು ತೀರಿಹೋದ ಮೇಲೆ ಖಾತಾ ಮೇಷ್ಟ್ರ ಹೆಸರಿಗೆ ಬಂದಿದೆ, ಆದರೆ ಆರ್.ಆರ್. ನಂಬರ್ ಮತ್ತು ಸೋಲಾರ್ ಕರಾರು ಹಾಗೇ ಉಳಿದಿವೆ. ಮನೆ ರಿಜಿಸ್ಟರ್ ಆದ ಮಾತ್ರಕ್ಕೆ ಈ ಕರಾರು ತಾನಾಗಿ ನಮ್ಮ ಹೆಸರಿಗೆ ಬರೋದಿಲ್ಲ, ಅದಕ್ಕೆ ಬೇರೆ ಅರ್ಜಿ, ಬೇರೆ ಕಾಗದ. ಹೊಸದಾಗಿ ಕರಾರು ಮಾಡಿಕೊಳ್ಳಿ ಅಂತ ಹೇಳಿಬಿಟ್ಟರೆ ಇವತ್ತಿನ ದರವೇ ಗತಿ. ಆಗ ಮೂರು ಲಕ್ಷ ದಂಡ. ಅದರ ಬದಲು ಕೇಂದ್ರದ ಹೊಸ ಯೋಜನೆಯಲ್ಲಿ 78,000 ಸಬ್ಸಿಡಿ ತಗೊಂಡು ನಾವೇ ಹೊಸ ಪ್ಯಾನೆಲ್ ಹಾಕಿಸಬಹುದು.

"ಅರ್ಧ ಈಗ ಕೊಡ್ತೀವಿ ಮೇಷ್ಟ್ರೇ, ಇನ್ನರ್ಧ ಹೆಸರು ಬದಲಾದ ಮೇಲೆ" ಅಂದೆ.

ಅವರ ಮುಖ ಸಣ್ಣಗಾಯಿತು. "ನಾನು ಮೋಸ ಮಾಡ್ತೀನಿ ಅಂತಲೇನಪ್ಪ?"

ಹಾಗಲ್ಲ ಅಂತ ಹೇಳೋಕೆ ಎರಡು ಲೋಟ ಕಾಫಿ ಬೇಕಾಯಿತು. ಕಡೆಗೆ ಒಪ್ಪಿದರು. ಕ್ರಯಪತ್ರದಲ್ಲಿ ಪ್ಯಾನೆಲ್ಲು, ಇನ್ವರ್ಟರು, ಮೀಟರು ಎಲ್ಲ ನಮೂದಿಸಿ, ಕರಾರಿನ ವರ್ಗಾವಣೆಗೆ ಬೇಕಾದ ಕಾಗದಗಳಿಗೆ ಮೇಷ್ಟ್ರೂ ಅವರ ಮಕ್ಕಳೂ ಸಹಿ ಹಾಕಬೇಕು ಅಂತ ಒಂದು ಸಾಲು ಸೇರಿಸಿದೆವು. ಮಕ್ಕಳಿಬ್ಬರೂ ಹೊರದೇಶದಲ್ಲಿದ್ದಾರೆ.

ಕೀ ಕೊಡುವಾಗ ಮೇಷ್ಟ್ರು ಒಂದು ಉದ್ದನೆ ಲೆಕ್ಕದ ಪುಸ್ತಕವನ್ನೂ ಕೊಟ್ಟರು. 2015ರಿಂದ ದಿನಾ ಸಂಜೆ ಮೀಟರ್ ನೋಡಿ ಬರೆದ ಯೂನಿಟ್ಟುಗಳು. ಮೊದಲ ಆರು ವರ್ಷ ದುಂಡು ಅಕ್ಷರ, ಆಮೇಲೆ ಮೇಷ್ಟ್ರದ್ದು. ಅರ್ಜಿ ಇನ್ನೂ ಕಚೇರಿಯಲ್ಲಿದೆ, ಒಂದೂವರೆ ಲಕ್ಷ ನಮ್ಮಲ್ಲಿದೆ. ಪ್ರತಿ ತಿಂಗಳು ಒಂದನೇ ತಾರೀಖು ಮೇಷ್ಟ್ರ ಫೋನು ಬರುತ್ತೆ. ದುಡ್ಡಿನ ಮಾತು ಎತ್ತೋದಿಲ್ಲ. "ಈ ತಿಂಗಳು ಎಷ್ಟು ಯೂನಿಟ್ ಬಂತಪ್ಪ?" ಅಂತ ಕೇಳ್ತಾರೆ, ನಾನು ಪುಸ್ತಕ ನೋಡಿ ಹೇಳ್ತೀನಿ.