ಜಮಖಂಡಿಯ ಗ್ರಹಣ

ಗ್ರಹಣದ ಬೆಳಕಿನಲ್ಲಿ ಹೀಲಿಯಂನ ಸುಳಿವು ಸಿಕ್ಕ ಕತೆ ಬಂದಾಗಲೆಲ್ಲ ಎಲ್ಲರೂ ಗುಂಟೂರಿಗೆ ಓಡುತ್ತಾರೆ. ಪಿಯುಸಿ ಹುಡುಗರಿಗೆ ಭೌತಶಾಸ್ತ್ರ ಹೇಳಿಕೊಡುತ್ತಿದ್ದ ನಾನು ಮಾತ್ರ ಜಮಖಂಡಿ ಬಿಟ್ಟು ಕದಲುತ್ತಿರಲಿಲ್ಲ. ಊರಿನ ಅಭಿಮಾನ ಅನ್ನಿ, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕೆ ಆಧಾರವೂ ಉಂಟು.

1868ರ ಆಗಸ್ಟ್ 18, ಶ್ರಾವಣದ ಅಮಾವಾಸ್ಯೆ. ಖಗ್ರಾಸ ಗ್ರಹಣದ ನೆರಳು ಜಮಖಂಡಿಯ ಮೇಲೆ ಹಾದು ಗುಂಟೂರಿನತ್ತ ಹೋಯಿತು. ಜಮಖಂಡಿ ಆಗ ಪಟವರ್ಧನರ ಸಂಸ್ಥಾನ. ರಾಯಲ್ ಸೊಸೈಟಿಯ ಉಪಕರಣಗಳೊಂದಿಗೆ ಅಲ್ಲಿ ಬೀಡುಬಿಟ್ಟವನು ಸರ್ವೇ ಅಧಿಕಾರಿ ಲೆಫ್ಟಿನೆಂಟ್ ಜಾನ್ ಹರ್ಷೆಲ್. ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ. ಯಾರ ಮೊಮ್ಮಗನಾದರೇನು, ಶ್ರಾವಣದ ಮೋಡ ಕೇಳೀತೇ? ಮೋಡದ ಸಂದಿಯಲ್ಲಿ ಸಿಕ್ಕಷ್ಟು ಹೊತ್ತಿನಲ್ಲೇ ಅವನು ಸೂರ್ಯನ ಅಂಚಿನ ಜ್ವಾಲೆಯತ್ತ ರೋಹಿತದರ್ಶಕ ತಿರುಗಿಸಿದ. ಕೆಂಪು, ಕಿತ್ತಳೆ, ನೀಲಿ, ಮೂರು ಹೊಳೆವ ಗೆರೆ ಕಂಡವು. ಜ್ವಾಲೆ ಬಿಸಿ ಅನಿಲದ್ದೆಂದು ಇತ್ಯರ್ಥವಾಯಿತು. ಆ ಕಿತ್ತಳೆ ಗೆರೆ ಹೀಲಿಯಂನದೆಂದು ತಿಳಿದದ್ದು ಆಮೇಲೆ.

ನನಗೆ ಹೆಚ್ಚು ಪ್ರಿಯನಾದವನು ಅವನ ಜೊತೆಗಾರ ಲೆಫ್ಟಿನೆಂಟ್ ಕ್ಯಾಂಪ್‌ಬೆಲ್. ಅವನ ಹೆಸರನ್ನು ಯಾವ ಪಠ್ಯಪುಸ್ತಕವೂ ಎತ್ತಿದ್ದನ್ನು ನಾನು ಕಾಣೆ. ಖಗ್ರಾಸದಲ್ಲಿ ಸೂರ್ಯನ ಸುತ್ತ ಹೊಳೆವ ಬೆಳ್ಳನೆಯ ಪ್ರಭಾವಲಯ, ಅಂದರೆ ಕರೋನಾ, ಸೂರ್ಯನದೋ, ನಮ್ಮ ಗಾಳಿಯಲ್ಲೇ ಹುಟ್ಟುವ ಬರಿಯ ಪ್ರಭೆಯೋ ಎಂಬ ವಾದ ಆಗಿನ್ನೂ ಮುಗಿದಿರಲಿಲ್ಲ. ಬೆಳಕಿನ ಅಲೆ ಒಂದೇ ದಿಕ್ಕಿನಲ್ಲಿ ಕಂಪಿಸುತ್ತಿದೆಯೇ ಎಂದು ತೋರುವ ಪೋಲರಿಸ್ಕೋಪಿನಲ್ಲಿ ಕ್ಯಾಂಪ್‌ಬೆಲ್ ನೋಡಿದ. ಕರೋನಾದ ಬೆಳಕು ಧ್ರುವೀಕರಣಗೊಂಡಿತ್ತು, ಅದೂ ಸೂರ್ಯನ ಕೇಂದ್ರದ ಮೂಲಕ ಹಾಯುವ ಸಮತಲಗಳಲ್ಲಿ. ಅಂದರೆ ಸೂರ್ಯನದೇ ಬೆಳಕು ಅವನ ಸುತ್ತಲಿನ ಏನಕ್ಕೋ ಬಡಿದು ಚದುರಿ ಬರುತ್ತಿದೆ. ಆ 'ಏನೋ' ಎಲೆಕ್ಟ್ರಾನು. 1897ರವರೆಗೆ ಅಂಥದೊಂದು ಕಣವಿದೆಯೆಂದೇ ಯಾರಿಗೂ ಖಚಿತವಿರಲಿಲ್ಲ.

ಮರುವರ್ಷ ಅಮೆರಿಕದ ಗ್ರಹಣದಲ್ಲಿ ಖಗೋಳಜ್ಞರಾದ ಯಂಗ್ ಮತ್ತು ಹಾರ್ಕ್‌ನೆಸ್ ಕರೋನಾದಲ್ಲೊಂದು ಹಸಿರು ಗೆರೆ ಕಂಡರು. ಗೊತ್ತಿದ್ದ ಯಾವ ಧಾತುವಿಗೂ ಅದು ತಾಳೆಯಾಗಲಿಲ್ಲ. 'ಕರೋನಿಯಂ' ಎಂದು ಹೆಸರಿಟ್ಟು, ಇಲ್ಲದ ಧಾತುವನ್ನು ವಿಜ್ಞಾನ ಎಪ್ಪತ್ತು ವರ್ಷ ಸಾಕಿತು! 1940ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಎಡ್ಲೆನ್ ಅದನ್ನು ಬಿಡಿಸಿದ: 13 ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ. ಕಬ್ಬಿಣ ಅಷ್ಟು ಕಳೆದುಕೊಳ್ಳಲು ಕಾವು ಹತ್ತು ಲಕ್ಷ ಡಿಗ್ರಿ ದಾಟಬೇಕು. ಕರೋನಾದ ಕೆಳಗಿರುವ ಸೂರ್ಯನ ಮೇಲ್ಮೈಯಾದರೋ ಬರೀ 5,500 ಡಿಗ್ರಿ. ಕರೋನಾ ಇಷ್ಟು ಕಾಯುವುದರಲ್ಲಿ ಕಾಂತಕ್ಷೇತ್ರದ್ದೇ ಕೈವಾಡವೆಂದು ಬಹುಮಂದಿ ಒಪ್ಪುತ್ತಾರೆ, ಹೇಗೆಂಬುದರಲ್ಲಿ ಜಗಳ ನಿಂತಿಲ್ಲ.

2023ರ ಸೆಪ್ಟೆಂಬರ್ 2ರಂದು ಇಸ್ರೋದ ಸೂರ್ಯವೀಕ್ಷಣಾ ನೌಕೆ ಆದಿತ್ಯ-ಎಲ್1ರಲ್ಲಿ ಹೋದ ಕರೋನಾದರ್ಶಕ ತಯಾರಾದದ್ದು ಹೊಸಕೋಟೆಯಲ್ಲಿ. ಆ ಹಸಿರು ಗೆರೆಯೂ ಅದು ನೋಡುವ ಗೆರೆಗಳ ಪಟ್ಟಿಯಲ್ಲಿದೆ. ಅವಕೆಂಪಿನ ಇನ್ನೊಂದು ಕಬ್ಬಿಣದ ಗೆರೆಯಲ್ಲಿ ಅದು ಧ್ರುವೀಕರಣವನ್ನು ಅಳೆಯಬಲ್ಲದು, ಕರೋನಾದ ಕಾಂತಕ್ಷೇತ್ರ ಎಷ್ಟೆಂದು ತಿಳಿಯಲು.