ಮೂಡಬಿದಿರೆಯ ಲೀಕ್ ಮತ್ತು ಅಪ್ಪನ ಸೀಡಿ

ಅಪ್ಪ ಬರೆದ ಯಕ್ಷಗಾನ ಪ್ರಸಂಗ ಸೀಡಿಯೊಂದರಲ್ಲಿ ಇಪ್ಪತ್ತು ವರ್ಷ ಸುಮ್ಮನೆ ಕೂತಿತ್ತು ಅಂತ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಕೈಬರಹದ ನೋಟ್‌ಬುಕ್ 2019ರ ಆಗಸ್ಟ್‌ನಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳ ಪೇಟೆಗೆ ನುಗ್ಗಿದಾಗ ನೆನೆದು ಮುದ್ದೆಯಾಗಿತ್ತು. ಆಗ ಅಪ್ಪ ಇರಲಿಲ್ಲ, ಅಷ್ಟೇ ಸಮಾಧಾನ. 2024ರ ದೀಪಾವಳಿಗೆ ಊರಿಗೆ ಹೋದಾಗ ಅಟ್ಟ ಗುಡಿಸುತ್ತಿದ್ದ ಅಮ್ಮ ಒಂದು ಸೀಡಿ ತಂದುಕೊಟ್ಟಳು. ಮೇಲೆ ಮಾರ್ಕರ್ ಪೆನ್ನಿನಲ್ಲಿ 'ಪ್ರಸಂಗ, 2004' ಅಂತ ಅಪ್ಪನದೇ ಅಕ್ಷರ. ಪುಸ್ತಕ ಮಾಡಿಸಬೇಕು ಅಂತ ಬಿ.ಸಿ. ರೋಡಿನ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದರಂತೆ. ದುಡ್ಡು ಸಾಲದೆ ಅಲ್ಲಿಗೇ ನಿಂತಿತಂತೆ.

ನಮ್ಮ ಆಫೀಸಿನಲ್ಲಿ ಯಾರ ಲ್ಯಾಪ್‌ಟಾಪಿಗೂ ಸೀಡಿ ಡ್ರೈವ್ ಇಲ್ಲ. ಎಸ್.ಪಿ. ರಸ್ತೆಗೆ ಹೋಗಿ ಯುಎಸ್‌ಬಿ ಡ್ರೈವ್ ಒಂದನ್ನು ತಂದೆ. ಸೀಡಿ ಕರಕರ ಅಂತ ತಿರುಗಿ, ಪುಣ್ಯಕ್ಕೆ ಫೈಲ್ ತೆರೆದುಕೊಂಡಿತು. ನೋಡಿದರೆ ಒಂದಕ್ಷರ ಕನ್ನಡ ಇಲ್ಲ. ಮೊದಲು ಇಂಗ್ಲಿಷಿನ ಪಿ, ಆಮೇಲೆ ತಲೆಯ ಮೇಲೆ ಗೀಟು ಹೊತ್ತ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತದೇ ಎ, ಜರ್ಮನ್ನರ ಜೋಡಿ ಎಸ್, ಕ್ಯೂ, ಕೊನೆಗೆ ಇನ್ನೊಂದು ಎ. ಹೀಗೇ ಎಂಬತ್ತು ಪುಟ.

ನೀವು 2000ದ ಆಸುಪಾಸಿನ ಕನ್ನಡ ಫೈಲ್ ಒಂದನ್ನಾದರೂ ತೆರೆದಿದ್ದರೆ ಈ ಸಾಲು ಗುರುತು ಸಿಕ್ಕಿರುತ್ತದೆ. ಅದು 'ಕನ್ನಡ' ಅನ್ನುವ ಪದ. ಆ ಕಾಲದ ಫಾಂಟುಗಳಿಗೆ ಇದ್ದದ್ದು 256 ಮನೆ ಮಾತ್ರ, ಅವೂ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಹಂಚಿಹೋಗಿದ್ದ ಮನೆಗಳು. ಕನ್ನಡದ ಫಾಂಟು ಮಾಡಿದವರು ಅಕ್ಷರಗಳನ್ನು ಒತ್ತು, ಕೊಂಬು, ದೀರ್ಘ ಅಂತ ತುಂಡು ಮಾಡಿ, ಒಂದೊಂದು ತುಂಡನ್ನು ಒಂದೊಂದು ಮನೆಯಲ್ಲಿ ಕೂರಿಸಿದರು. ಪರದೆಯ ಮೇಲೆ ಕನ್ನಡ ಕಾಣುತ್ತಿತ್ತು, ಫೈಲಿನೊಳಗೆ ಇದ್ದದ್ದು ಪಿ ಮತ್ತು ಕ್ಯೂ. ಯಕ್ಷಗಾನದ ಭಾಷೆಯಲ್ಲೇ ಹೇಳಬೇಕಾದರೆ ಇಂಗ್ಲಿಷ್ ಅಕ್ಷರ ಕನ್ನಡದ ವೇಷ ಕಟ್ಟಿಕೊಂಡು ರಂಗಕ್ಕೆ ಬರುತ್ತಿತ್ತು. ಫಾಂಟು ಕಳೆದುಹೋದರೆ ಬಣ್ಣ ಅಳಿಸಿದ ಹಾಗೆ, ಚೌಕಿಯಲ್ಲಿ ಕೂತ ಮನುಷ್ಯ ಮಾತ್ರ ಉಳಿಯುತ್ತಾನೆ.

ಇದಕ್ಕೆ ಅವರನ್ನು ಬೈಯುವ ಹಾಗಿಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದೇ ಒಂದು ಪವಾಡ ಆಗಿದ್ದ ಕಾಲ ಅದು. ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಕೀಲಿಮಣೆಯನ್ನು ಸುಲಭ ಮಾಡಿಕೊಟ್ಟರು. ಟೈಪ್‌ರೈಟರಿನಲ್ಲಿ ಅಕ್ಷರದ ಆಕಾರಕ್ಕೊಂದು ಕೀಲಿ ಬೇಕಿತ್ತು. ರಾವ್ ಉಚ್ಚಾರಕ್ಕೊಂದು ಕೀಲಿ ಇಟ್ಟರು. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ, ಒತ್ತಕ್ಷರ ಬೇಕಾದರೆ ನಡುವೆ ಎಫ್. ಇವತ್ತು ನುಡಿಯಲ್ಲಿ ಬರೆಯುವ ಗುಮಾಸ್ತರು ಬಳಸುವುದು ಇದನ್ನೇ ಸ್ವಲ್ಪ ತಿದ್ದಿದ ವಿನ್ಯಾಸ. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ತಮಾಷೆ ಏನೆಂದರೆ 1991ರಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಮನೆಗಳಿದ್ದವು. ಆದರೆ ಡಿಟಿಪಿ ಅಂಗಡಿಗಳೆಲ್ಲ ಪೇಜ್‌ಮೇಕರಿನಲ್ಲಿ ನಡೆಯುತ್ತಿದ್ದವು, ಪೇಜ್‌ಮೇಕರಿಗೆ ಯೂನಿಕೋಡ್ ಅರ್ಥವಾಗುತ್ತಿರಲಿಲ್ಲ. ಹಾಗಾಗಿ 2004ರಲ್ಲೂ ಬಿ.ಸಿ. ರೋಡಿನಲ್ಲಿ ಅಪ್ಪನ ಭಾಗವತಿಕೆಯ ಪದಗಳು ಪಿ-ಕ್ಯೂಗಳಾಗಿ ಸೀಡಿಗೆ ಇಳಿದವು.

ಬಿಡಿಸಿಕೊಳ್ಳುವ ದಾರಿ ಆನ್‌ಲೈನಿನಲ್ಲೇ ಸಿಕ್ಕಿತು. ಅರವಿಂದ ವಿ.ಕೆ. ಅವರು ಬರೆದು ಮುಕ್ತವಾಗಿ ಬಿಟ್ಟಿರುವ, ಹಳೆಯ ಫಾಂಟಿನಿಂದ ಯೂನಿಕೋಡಿಗೆ ಬದಲಿಸುವ ಪುಟ್ಟ ಪ್ರೋಗ್ರಾಂ. ನಮ್ಮ ಕಡೆ ಕೋಡ್ ಬರೆಯುವವರು ಒಮ್ಮೆ ತೆರೆದು ಓದಬೇಕು, ಅಷ್ಟು ಚೆನ್ನಾಗಿದೆ. ಬರೀ ಹುಡುಕಿ-ಬದಲಿಸುವ ಕೆಲಸ ಅಲ್ಲ ಅದು. 'ಧರ್ಮ' ಅಂತ ಬರೆದರೆ ಅರ್ಕಾವೊತ್ತು ಕಣ್ಣಿಗೆ ಮ-ದ ಆಚೆ ಕಾಣುತ್ತದೆ, ಹಳೆಯ ಫೈಲಿನಲ್ಲೂ ಮ-ದ ನಂತರವೇ ಇರುತ್ತದೆ. ಯೂನಿಕೋಡಿನಲ್ಲಿ ರ ಮೊದಲು, ಮ ಆಮೇಲೆ, ನಾವು ಬಾಯಲ್ಲಿ ಹೇಳುವ ಕ್ರಮ. ಪ್ರೋಗ್ರಾಂ ಹಿಂದೆ ಹೋಗಿ ಪೂರ್ತಿ ಅಕ್ಷರವನ್ನು ಹುಡುಕಿ, ರ-ವನ್ನು ಅದರ ಮುಂದೆ ತಂದು ಕೂರಿಸಬೇಕು.

ಒಂದೇ ಕ್ಷಣ. ಎಂಬತ್ತು ಪುಟ ಕನ್ನಡವಾಯಿತು. ನಾನು ಅಮ್ಮನಿಗೆ ಫೋನ್ ಮಾಡಿದೆ, ಮಾತು ಬರಲಿಲ್ಲ.

ಮಾರನೇ ದಿನ ಕೂತು ಓದಿದರೆ ಪ್ರತಿ ಪದದ ಮೇಲಿನ ರಾಗ-ತಾಳದ ಸಾಲು ಮಾತ್ರ ಇನ್ನೂ ಕಲಸುಮೇಲೋಗರ. ಅಂಗಡಿಯವರು ಚಂದ ಕಾಣಲಿ ಅಂತ ತಲೆಬರಹಗಳಿಗೆ ಬೇರೆ ಯಾವುದೋ ಫಾಂಟು ಹಾಕಿದ್ದರು, ಅದರ ಮನೆಪಟ್ಟಿ ಈ ಪ್ರೋಗ್ರಾಮಿಗೆ ಗೊತ್ತಿಲ್ಲ. ಅಮ್ಮ ಒಂದೊಂದೇ ಪದವನ್ನು ಫೋನಿನಲ್ಲಿ ಗುನುಗಿ ಹೇಳಿದಳು. 'ಇದು ಮಧ್ಯಮಾವತಿ, ಅಷ್ಟತಾಳ. ಇದು ನಿನ್ನ ಅಪ್ಪ ಸ್ನಾನಕ್ಕೆ ಹೋಗುವಾಗ ಹೇಳ್ತಿದ್ದದ್ದು, ಝಂಪೆ.' ಆರು ಕಡೆ ಅವಳಿಗೂ ನೆನಪಾಗಲಿಲ್ಲ. ಆ ಆರು ಸಾಲು ಇವತ್ತಿಗೂ ಹಾಗೇ ಇವೆ.

ಈ ಗೀಳಿನಲ್ಲೇ ಇರುವಾಗ ಇಂಟರ್ನೆಟ್ ಆರ್ಕೈವ್‌ನಲ್ಲಿ ಒಂದು ಸ್ಕ್ಯಾನ್ ಕೈಗೆ ಸಿಕ್ಕಿತು. ಜೈನರ ಷಟ್ಖಂಡಾಗಮದ ಧವಲಾ ಟೀಕೆ, 1939ರಲ್ಲಿ ಅಮರಾವತಿಯಿಂದ ಹೊರಬಂದ ಮೊದಲ ಸಂಪುಟ, ಸಂಪಾದಕರು ಹೀರಾಲಾಲ್ ಜೈನ್. ಹುಡುಕಿದ್ದು ಮೂಡಬಿದಿರೆ ಅನ್ನುವ ಹೆಸರನ್ನು. ಪ್ರಸ್ತಾವನೆ ಹಿಂದಿಯಲ್ಲಿದೆ. ಶಾಲೆಯ ಹಿಂದಿ ಮತ್ತು ಗೂಗಲ್ ಲೆನ್ಸ್ ಎರಡನ್ನೂ ಊರುಗೋಲು ಮಾಡಿಕೊಂಡು ರಾತ್ರಿ ಎರಡರವರೆಗೆ ಓದಿದೆ. ನಮ್ಮ ಮನೆಯಿಂದ ಸಿದ್ದಕಟ್ಟೆ ದಾರಿಯಲ್ಲಿ ಒಂದು ಗಂಟೆ ದೂರದ ಊರಿನ ಕಥೆ, ನನಗೆ ಗೊತ್ತೇ ಇರಲಿಲ್ಲ.

ವೀರಸೇನರು ಧವಲಾ ಬರೆದದ್ದು 9ನೇ ಶತಮಾನದಲ್ಲಿ. ಅವರು ಅರ್ಧಕ್ಕೆ ಬಿಟ್ಟ ಇನ್ನೊಂದು ಟೀಕೆ ಜಯಧವಲಾವನ್ನು ಶಿಷ್ಯ ಜಿನಸೇನರು ಮುಗಿಸಿದರು. ನೃಪತುಂಗನ ಗುರು ಎಂದು ಹೇಳುತ್ತಾರಲ್ಲ, ಅವರೇ. ಭಾಷೆ ಪ್ರಾಕೃತ, ನಡುನಡುವೆ ಸಂಸ್ಕೃತ. ಆದರೆ ಇಡೀ ದೇಶದಲ್ಲಿ ಈ ಗ್ರಂಥಗಳ ಪ್ರತಿ ಉಳಿದದ್ದು ಒಂದೇ ಕಡೆ, ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ, ತಾಳೆಗರಿಯ ಮೇಲೆ, ಹಳಗನ್ನಡ ಲಿಪಿಯಲ್ಲಿ. ಒಂದೇ ಸರ್ವರ್, ಬ್ಯಾಕಪ್ ಇಲ್ಲ. ಓದುವವರು ಕಡಿಮೆಯಾಗುತ್ತಾ ಹೋಗಿ ಅದು ದರ್ಶನದ ವಸ್ತುವಾಯಿತು. ಯಾತ್ರಿಕರು ಬರುತ್ತಿದ್ದರು, ಗರಿಗಳಿಗೆ ಕೈಮುಗಿಯುತ್ತಿದ್ದರು, ಹೋಗುತ್ತಿದ್ದರು.

1883ರಲ್ಲಿ ಹಾಗೆ ಬಂದವರು ಮುಂಬೈಯ ಶ್ರೀಮಂತ ವ್ಯಾಪಾರಿ ಸೇಠ್ ಮಾಣಿಕಚಂದ್. ಗರಿಗಳು ಜೀರ್ಣವಾಗುತ್ತಿರುವುದನ್ನು ನೋಡಿ ಅವರಿಗೆ ನಿದ್ದೆ ಬರಲಿಲ್ಲವೋ ಏನೋ, ಸೊಲ್ಲಾಪುರದ ಹೀರಾಚಂದ್ ನೇಮಚಂದ್ ಅವರ ಜೊತೆ ಸೇರಿ ನಕಲು ಮಾಡಿಸುವ ಪ್ರಯತ್ನ ಶುರುಮಾಡಿದರು. ಒಪ್ಪಿಗೆ, ದುಡ್ಡು, ಓದಬಲ್ಲ ಪಂಡಿತರು ಎಲ್ಲ ಕೂಡಿಬಂದು ಕೆಲಸ ಆರಂಭವಾದದ್ದು 1896ರಲ್ಲಿ. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿ ಮತ್ತು ಮಿರಜಿನ ಗಜಪತಿ ಉಪಾಧ್ಯಾಯ ನಾಗರಿ ಲಿಪಿಗೆ ಇಳಿಸಲು ಕೂತರು. ಶಾಸ್ತ್ರಿಗಳು ನಡುವೆಯೇ ತೀರಿಕೊಂಡರು, ಉಪಾಧ್ಯಾಯರು ಮುಂದುವರಿಸಿದರು. ಹೊಸಗನ್ನಡ ಲಿಪಿಯ ಪ್ರತಿಯೂ ಪಕ್ಕದಲ್ಲಿ ತಯಾರಾಗುತ್ತಿತ್ತು. 'ಮಹಾಧವಲ'ವೂ ಸೇರಿ ಎಲ್ಲ ಮುಗಿಯುವಾಗ 1922. ಇಪ್ಪತ್ತಾರು ವರ್ಷ! ನಾನು ಒಂದು ಕ್ಷಣದಲ್ಲಿ ಮಾಡಿದ ಫಾರ್ಮ್ಯಾಟ್ ಬದಲಾವಣೆ.

ಆದರೆ ಒಂದು ಷರತ್ತಿತ್ತು. ಹೊಸ ಪ್ರತಿಗಳೂ ಮೂಡಬಿದಿರೆ ಬಿಟ್ಟು ಹೊರಗೆ ಹೋಗಕೂಡದು.

ಲೀಕ್ ಆದದ್ದು ಇಲ್ಲಿ. ಹಗಲೆಲ್ಲ ಅಧಿಕೃತ ನಕಲು ಮಾಡುತ್ತಿದ್ದ ಗಜಪತಿ ಉಪಾಧ್ಯಾಯರು ಗುಟ್ಟಾಗಿ ತಮಗಾಗಿ ಇನ್ನೊಂದು ಪ್ರತಿ ತಯಾರಿಸಿಕೊಂಡರು, ಕನ್ನಡ ಲಿಪಿಯಲ್ಲಿ. ಅದರಲ್ಲಿ ದೊಡ್ಡ ಪಾಲು ಅವರ ಹೆಂಡತಿ ಲಕ್ಷ್ಮೀಬಾಯಿಯದು. ಆ ಹೆಸರು ನೋಡಿ ನಾನು ಸ್ವಲ್ಪ ಹೊತ್ತು ಮುಂದೆ ಓದದೆ ಕೂತೆ. ಹಳಗನ್ನಡ ಲಿಪಿ, ಪ್ರಾಕೃತ ಭಾಷೆ, ಸಾವಿರಾರು ಪುಟ, ಇಷ್ಟನ್ನು ಒಬ್ಬ ಹೆಂಗಸು ಯಾರಿಗೂ ಗೊತ್ತಾಗದಂತೆ ಬರೆದಿಟ್ಟಿದ್ದಾಳೆ, ಆಕೆಯ ಬಗ್ಗೆ ಆ ಪ್ರಸ್ತಾವನೆಯಲ್ಲಿರುವುದು ಒಂದೆರಡು ವಾಕ್ಯ.

ಆ ಪ್ರತಿ ಉತ್ತರದ ಸಹಾರನಪುರಕ್ಕೆ ಹೋಯಿತು. ಅಲ್ಲಿನ ಲಾಲಾ ಜಂಬೂಪ್ರಸಾದ್ ಹಣ ಕೊಟ್ಟು ತೆಗೆದುಕೊಂಡು ತಮ್ಮ ಮಂದಿರದಲ್ಲಿಟ್ಟರು. ಅವರ ಊರಲ್ಲಿ ಕನ್ನಡ ಓದುವವರಾರು? ಕನ್ನಡ ಬಲ್ಲ ವಿಜಯಚಂದ್ರಯ್ಯ ಎಂಬವರು ಓದಿ ಹೇಳುವುದು, ಪಂಡಿತ ಸೀತಾರಾಮ ಶಾಸ್ತ್ರಿ ಅದನ್ನು ನಾಗರಿಯಲ್ಲಿ ಬರೆಯುವುದು ಅಂತ ಏರ್ಪಾಡಾಯಿತು. ಈ ಸೀತಾರಾಮ ಶಾಸ್ತ್ರಿಯೂ ತನಗೊಂದು ಪ್ರತಿ ಇಟ್ಟುಕೊಂಡರು! ಅದರಿಂದ ಮತ್ತೆ ನಕಲುಗಳಾಗಿ ಆರಾ, ಸಾಗರ, ಕಾರಂಜಾ ಅಂತ ಊರೂರಿಗೆ ಹೋದವು. ಹೀಗೆ ನಕಲಿನ ನಕಲು ಕೈಗೆ ಬಂದದ್ದರಿಂದಲೇ ಹೀರಾಲಾಲ್ ಜೈನ್ ಅಮರಾವತಿಯಲ್ಲಿ ಕೂತು ಅದನ್ನು ಅಚ್ಚು ಹಾಕಿಸಲು ಸಾಧ್ಯವಾಯಿತು. ಧವಲಾ ಹದಿನಾರು ಸಂಪುಟಗಳಲ್ಲಿ 1958ರ ಹೊತ್ತಿಗೆ ಪೂರ್ತಿಯಾಯಿತು. ನಾನು ಓದಿದ ಪಿಡಿಎಫ್ ಆ ಸರಪಳಿಯ ಕೊನೆಯ ಕೊಂಡಿ.

ಮುಕ್ತ ತಂತ್ರಾಂಶದ ಟೀಶರ್ಟ್ ಹಾಕಿಕೊಂಡು ಓಡಾಡುವ ನಮ್ಮಂಥವರಿಗೆ ಇಲ್ಲಿ ಗಜಪತಿ ಹೀರೋ, ಮಠದವರು ವಿಲನ್ ಅಂತ ತೀರ್ಪು ಕೊಡುವುದು ಸುಲಭ. ನಾನೂ ಆ ರಾತ್ರಿ ಹಾಗೇ ಅಂದುಕೊಂಡೆ. ಆಮೇಲೆ 93ನೇ ಸೂತ್ರದ ವಿಷಯ ಓದಿದೆ. ಮೊದಲ ಸಂಪುಟಕ್ಕೆ ಆಧಾರವಾಗಿದ್ದ ನಕಲುಗಳಲ್ಲಿ ಆ ಸೂತ್ರದಲ್ಲಿ 'ಸಂಜದ' ಅನ್ನುವ ಒಂದು ಪದ ಇರಲಿಲ್ಲ. ಸಂಯಮದ ಸ್ಥಿತಿಗೆ ಏರುವುದು ಹೆಣ್ಣಿಗೆ ಸಾಧ್ಯವೇ ಅನ್ನುವ ಪ್ರಶ್ನೆಗೆ ತಾಗುವ ಪದ ಅದು, ಸಣ್ಣದಲ್ಲ. ಅರ್ಥ ಕೂಡಬೇಕಾದರೆ ಇಲ್ಲಿ ಈ ಪದ ಬೇಕು ಅಂತ ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಜೈನ ಪಂಡಿತರ ನಡುವೆ ದೊಡ್ಡ ಜಗಳವೇ ಆಯಿತು. ಅಷ್ಟರಲ್ಲಿ ಮೂಡಬಿದಿರೆಯವರ ಮನಸ್ಸೂ ಬದಲಾಗಿ, ಅಚ್ಚಿಗೆ ಹೋಗುವ ಪಾಠವನ್ನು ಮೂಲದೊಂದಿಗೆ ಹೋಲಿಸಿ ನೋಡಲು ಅವರೇ ಸಹಕರಿಸತೊಡಗಿದ್ದರು. ತಾಳೆಗರಿ ಬಿಚ್ಚಿ ನೋಡಿದರೆ 'ಸಂಜದ' ಅಲ್ಲಿತ್ತು.

ಕದ್ದ ನಕಲು ಇಲ್ಲದಿದ್ದರೆ ಪ್ರಶ್ನೆಯೇ ಏಳುತ್ತಿರಲಿಲ್ಲ, ಕಾಪಾಡಿಕೊಂಡು ಬಂದ ಮೂಲ ಇಲ್ಲದಿದ್ದರೆ ಉತ್ತರ ಸಿಗುತ್ತಿರಲಿಲ್ಲ. ಶತಮಾನಗಳ ಕಾಲ ಮಳೆ, ಗೆದ್ದಲು, ಅರಸೊತ್ತಿಗೆ ಬದಲಾವಣೆ ಎಲ್ಲ ದಾಟಿಸಿ ಇಟ್ಟವರನ್ನು ವಿಲನ್ ಅನ್ನಲು ನನಗೆ ಬಾಯಿ ಬರಲಿಲ್ಲ. ಅಪ್ಪನ ಸೀಡಿಯನ್ನು ಇಪ್ಪತ್ತು ವರ್ಷ ಕೂಡ ನಾವು ನೆಟ್ಟಗೆ ನೋಡಿಕೊಂಡವರಲ್ಲ.

ಮೊನ್ನೆ ಮೇ ತಿಂಗಳಲ್ಲಿ ಅಮ್ಮನನ್ನು ಕೂರಿಸಿಕೊಂಡು ಮೂಡಬಿದಿರೆಗೆ ಹೋದೆ. ಎಲ್ಲರೂ ಸಾವಿರ ಕಂಬದ ಬಸದಿಗೆ ಹೋಗುತ್ತಾರೆ, ನಾವೂ ಹೋದೆವು. ಸಿದ್ಧಾಂತ ಬಸದಿಯ ಎದುರು ಮಾತ್ರ ಜಾಸ್ತಿ ಹೊತ್ತು ನಿಂತೆ. ಅಲ್ಲಿಂದ ವೇಣೂರು, ಗುರುವಾಯನಕೆರೆ ದಾಟಿ ಬೆಳ್ತಂಗಡಿ ಕಡೆಯ ಅಜ್ಜನ ಮನೆಗೆ. ಈಗ ಮಾವ ಇದ್ದಾರೆ. ನನಗೆ ಅಲ್ಲಿ ಬೇರೆ ಕೆಲಸ ಇತ್ತು.

ಆ ಮನೆಯ ದೇವರ ಕೋಣೆಯಲ್ಲಿ ಒಂದು ಓಲೆಗರಿಯ ಕಟ್ಟು ಇದೆ. ಕೆಂಪು ಬಟ್ಟೆ ಸುತ್ತಿ ಇಟ್ಟದ್ದು, ವರ್ಷಕ್ಕೊಮ್ಮೆ ನವರಾತ್ರಿಯಲ್ಲಿ ಹೊರಗೆ ಬರುತ್ತದೆ, ಕುಂಕುಮ ಹೂವು ಇಟ್ಟು ಮತ್ತೆ ಒಳಗೆ. ತಿಗಳಾರಿ ಲಿಪಿ, ತುಳು ಲಿಪಿ ಅಂತಲೂ ಹೇಳುತ್ತಾರೆ. ಅಜ್ಜನಿಗೆ ಓದಲು ಬರುತ್ತಿತ್ತಂತೆ. ಮಾವನಿಗೆ ಬರುವುದಿಲ್ಲ. ಮಂತ್ರವೋ ಮದ್ದೋ ಯಾರಿಗೂ ಗೊತ್ತಿಲ್ಲ.

2024ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡ್ 16ರಲ್ಲಿ ಈ ಲಿಪಿಗೆ 80 ಅಕ್ಷರಗಳ ಜಾಗ ಸಿಕ್ಕಿದೆ. ವೈಷ್ಣವಿ ಮೂರ್ತಿ ಮತ್ತು ವಿನೋದ್ ರಾಜನ್ ಬರೆದ ಪ್ರಸ್ತಾವದ ಪಿಡಿಎಫ್ ಯಾರು ಬೇಕಾದರೂ ಓದಬಹುದು, ಹಸ್ತಪ್ರತಿಗಳ ಚಿತ್ರ ಹಾಕಿ ಒಂದೊಂದು ಒತ್ತಕ್ಷರಕ್ಕೂ ಪುರಾವೆ ಕೊಟ್ಟಿದ್ದಾರೆ. ನನ್ನ ಫೋನಿನಲ್ಲಿ ಆ ಅಕ್ಷರಗಳು ಇನ್ನೂ ಖಾಲಿ ಚೌಕಗಳಾಗಿಯೇ ಕಾಣುತ್ತವೆ, ಫಾಂಟು ಬರಬೇಕಷ್ಟೆ. ಆದರೆ ಮನೆಗಳು ಸ್ವಂತದ್ದು, ಯಾರ ವೇಷವನ್ನೂ ಕಟ್ಟಬೇಕಾಗಿಲ್ಲ. ಇದನ್ನೆಲ್ಲ ಮಾವನಿಗೆ ಊಟದ ನಂತರ ವಿವರಿಸಿದೆ. ಕಟ್ಟು ಬಿಚ್ಚಿ ಫೋಟೊ ತೆಗೆಯಬಹುದಾ ಅಂತ ಕೇಳಿದೆ.

'ಈಗ ಬಿಚ್ಚಲಿಕ್ಕಿಲ್ಲ ಮಾರಾಯ' ಅಂದರು. ಎಲೆ ಅಡಿಕೆ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಮ್ಮ ಒಳಗಿಂದ, 'ಅಪ್ಪಯ್ಯ ಇದ್ದಿದ್ದರೆ ಅವನೇ ಓದಿ ಹೇಳ್ತಿದ್ದ ಅಣ್ಣ' ಅಂದಳು.

'ನವರಾತ್ರಿಗೆ ಬಾ ಹಾಗಾದ್ರೆ. ಸರಸ್ವತಿ ಪೂಜೆಯ ದಿನ ಹೇಗೂ ಬಿಚ್ಚಲಿಕ್ಕುಂಟು. ಎಷ್ಟು ಬೇಕೋ ಫೋಟೊ ತೆಗಿ. ಆದ್ರೆ ಅದು ಈ ಮನೆಯಿಂದ ಹೊರಗೆ ಹೋಗ್ಬಾರ್ದು, ಗೊತ್ತಾಯ್ತಾ?'

'ಆಯ್ತು ಮಾವ' ಅಂದೆ. ನನ್ನ ಫೋನಿನಲ್ಲಿ ತೆಗೆದ ಫೋಟೊ ಆ ಕ್ಷಣವೇ ತಾನಾಗಿ ಕ್ಲೌಡಿಗೆ ಹೋಗಿಬಿಡುತ್ತದೆ ಅಂತ ಹೇಳಲಿಲ್ಲ.