ಮರುಹುಟ್ಟಲ್ಲ, ಮರಳಿ ಏಳುವುದು

ಯಡಿಯೂರು ಕೆರೆಯ ಬದಿಯಿಂದ ದಕ್ಷಿಣಕ್ಕೆ ಸಾಗುವ ಕನಕಪುರ ರಸ್ತೆಯನ್ನು ಹಿಡಿದು ಹೋದರೆ ಕನ್ನಡ ಕ್ರೈಸ್ತರ ಹಳೆಯ ನೆಲೆಗಳು ಸಿಗುತ್ತವೆ. ಕನಕಪುರ ತಾಲ್ಲೂಕಿನ ಹಾರೋಬೆಲೆ ಅವುಗಳಲ್ಲಿ ಹೆಸರಾದದ್ದು. ಅಲ್ಲಿನ ಕಥೋಲಿಕರು ರಾಗಿ ಬೆಳೆಯುವ ಸೀಮೆಯವರು. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಶಿಲುಬೆಯ ಹಾದಿಯ ಪ್ರಾರ್ಥನೆ ಮಾಡುತ್ತ ಅವರು ಊರ ಬಳಿಯ ಕಪಾಲಬೆಟ್ಟವನ್ನು ಹತ್ತುತ್ತಾರೆ. ಯೇಸುವನ್ನು ಶಿಲುಬೆಗೇರಿಸಿದ ಗೊಲ್ಗೊಥಾ ಎಂಬ ಸ್ಥಳದ ಹೆಸರಿಗೂ ಕಪಾಲವೆಂದೇ ಅರ್ಥ. (ಬೆಟ್ಟ ಯಾರದೆಂಬ ಜಗಳ ಬೇರೆ, 2019ರ ಕೊನೆಯಲ್ಲಿ ಅಲ್ಲಿ ಕ್ರಿಸ್ತನ ಬೃಹತ್ ಪ್ರತಿಮೆ ನಿಲ್ಲಿಸಲು ಹೊರಟಾಗ ಅದು ರಾಜ್ಯದ ಸುದ್ದಿಯಾಯಿತು.)

ಶುಭ ಶುಕ್ರವಾರದ ದುಃಖ ಅನ್ಯಮತದವರಿಗೂ ಸುಲಭವಾಗಿ ಮುಟ್ಟುತ್ತದೆ. ನಿರಪರಾಧಿಯೊಬ್ಬನ ಸಾವು ಅದು. ಭಾನುವಾರದ ಸುದ್ದಿ ಅಷ್ಟು ಸುಲಭವಲ್ಲ. ಸತ್ತು ಸಮಾಧಿಯಾದವನು ಮೂರನೆಯ ದಿನ ಎದ್ದ ಎಂಬುದನ್ನು, ಜನ್ಮಾಂತರದ ಮಾತು ದಿನಬಳಕೆಯಲ್ಲಿರುವ ಭಾಷೆಯಲ್ಲಿ ಹೇಳುವುದು ಹೇಗೆ? 'ಮತ್ತೆ ಹುಟ್ಟಿದ' ಎಂದರೆ ಕೇಳುಗನಿಗೆ ಹೊಳೆಯುವುದು ಹೊಸ ತಾಯಿ, ಹೊಸ ದೇಹ, ಹಳೆಯ ಕರ್ಮ. ಕ್ರೈಸ್ತರು ಹೇಳಬೇಕಾದದ್ದು ಅದಲ್ಲ.

ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ಶ್ರಮದಿಂದ 1831ರಲ್ಲಿ ಇಡೀ ಬೈಬಲ್ ಕನ್ನಡಕ್ಕೆ ಬಂತು. ಮುಂದೆ ಬಾಸೆಲ್ ಮಿಷನ್ನಿನವರೂ ಈ ಕೆಲಸದಲ್ಲಿ ತೊಡಗಿದರು. ನಿಘಂಟಿನ ಕಿಟ್ಟೆಲ್ 1862ರಲ್ಲಿ 'ಕಥಾಮಾಲೆ'ಯಲ್ಲಿ ಯೇಸುವಿನ ಬದುಕನ್ನು ಕನ್ನಡ ಪದ್ಯವಾಗಿಸಿದರು. ಕಾಲಕ್ರಮದಲ್ಲಿ ಕನ್ನಡ ಕ್ರೈಸ್ತರ ಬಾಯಲ್ಲಿ ನಿಂತ ಪದ ಪುನರುತ್ಥಾನ. ಇದಕ್ಕಿಂತ ಒಳ್ಳೆಯ ಆಯ್ಕೆ ಸಾಧ್ಯವಿರಲಿಲ್ಲ ಎನ್ನಬೇಕು. ಕಾರ್ತಿಕದಲ್ಲಿ ತುಳಸಿ ಪೂಜೆ ಮಾಡುವ ಪ್ರತಿ ಮನೆಗೂ ಉತ್ಥಾನ ದ್ವಾದಶಿ ಗೊತ್ತು. ಯೋಗನಿದ್ರೆಯಿಂದ ವಿಷ್ಣು ಏಳುವ ದಿನ. ಉತ್ಥಾನವೆಂದರೆ ಹುಟ್ಟುವುದಲ್ಲ, ಮಲಗಿದ್ದವನು ಏಳುವುದು. ಹೊಸ ಒಡಂಬಡಿಕೆಯ ಮೂಲ ಗ್ರೀಕಿನ 'ಅನಾಸ್ತಾಸಿಸ್' ಎಂಬ ಪದಕ್ಕೂ ಎದ್ದು ನಿಲ್ಲುವುದೆಂದೇ ಅರ್ಥ. ಸ್ಮಶಾನಕ್ಕೆ ಇಂಗ್ಲಿಷಿನಲ್ಲಿರುವ 'ಸಿಮಿಟ್ರಿ' ಎಂಬ ಮಾತು ಕೂಡ ಮಲಗುವ ಕೋಣೆ ಎನ್ನುವ ಗ್ರೀಕ್ ಪದದಿಂದ ಬಂದದ್ದು.

ಏಳುವ ಆ ಕ್ಷಣವನ್ನು ನಾಲ್ಕು ಸುವಾರ್ತೆಗಳಲ್ಲಿ ಒಂದೂ ವರ್ಣಿಸುವುದಿಲ್ಲ. ಕಥೆ ಮತ್ತೆ ಆರಂಭವಾಗುವುದು ಬೆಳಗಿನ ಜಾವ ಸಮಾಧಿಗೆ ಹೋದ ಹೆಂಗಸರಿಂದ. ಕಲ್ಲು ಉರುಳಿದೆ, ಒಳಗೆ ದೇಹವಿಲ್ಲ. ಹೆಂಗಸರ ಸಾಕ್ಷ್ಯಕ್ಕೆ ಅಷ್ಟಾಗಿ ಬೆಲೆಯಿಲ್ಲದ ಕಾಲದಲ್ಲಿ ಮೊದಲ ಸಾಕ್ಷಿಗಳು ಅವರೇ ಎಂದು ಬರೆದಿಟ್ಟದ್ದು ಗಮನಾರ್ಹ. ಆಮೇಲೆ ಯೇಸು ಕಾಣಿಸಿಕೊಂಡಾಗ ಶಿಷ್ಯರು ಭೂತವೆಂದು ಹೆದರುತ್ತಾರೆ. ಅವನು ಸುಟ್ಟ ಮೀನು ತಿಂದು ತೋರಿಸುತ್ತಾನೆ. ಕೈಯಲ್ಲಿ ಮೊಳೆಯ ಗಾಯ ಹಾಗೆಯೇ ಇದೆ. ಆತ್ಮ ಅಮರವೆಂದು ಒಪ್ಪುವವರು ಎಲ್ಲೆಡೆ ಇದ್ದಾರೆ. ಇಲ್ಲಿ ಹೇಳುತ್ತಿರುವುದು ಗಾಯಗೊಂಡ ದೇಹದ ಮಾತು. ಈ ಕಾರಣಕ್ಕೇ ಅಂದಿನಿಂದ ಇಂದಿನವರೆಗೆ ಇದನ್ನು ನಂಬುವುದು ಕಷ್ಟ.

ಹಾಗಾದರೆ ಮಣ್ಣಲ್ಲಿ ಕರಗಿದ ದೇಹ ಏಳುವುದು ಹೇಗೆ? ಕೊರಿಂಥದವರೂ ಇದನ್ನೇ ಕೇಳಿದ್ದರು. ಕ್ರಿ.ಶ. 55ರ ಸುಮಾರಿಗೆ ಅವರಿಗೆ ಬರೆದ ಮೊದಲ ಪತ್ರದಲ್ಲಿ ಪೌಲ ಕೊಟ್ಟದ್ದು ಬಿತ್ತನೆಯ ಹೋಲಿಕೆ. ಮಣ್ಣಿಗೆ ಬಿದ್ದದ್ದು ಕಾಳು, ಎದ್ದು ಬರುವುದು ಪೈರು. ಎರಡೂ ಒಂದೇ ಅಲ್ಲ, ಬೇರೆಯೂ ಅಲ್ಲ. ರಾಗಿ ಬಿತ್ತುವವನಿಗೆ ಇದಕ್ಕೆ ವ್ಯಾಖ್ಯಾನ ಬೇಕಿಲ್ಲ.

ನಂಬಿಕೆ ಹೀಗಿರುವುದರಿಂದ ಶವವನ್ನು ಕಾಣುವ ಬಗೆಯೂ ಅದಕ್ಕೆ ತಕ್ಕಂತಿದೆ. ಹೂಳುವುದು ಕನ್ನಡನಾಡಿಗೆ ಹೊಸದೇನಲ್ಲ, ಲಿಂಗಾಯತರಲ್ಲೂ ಇತರ ಅನೇಕರಲ್ಲೂ ಅದೇ ಪದ್ಧತಿ. ಕ್ರೈಸ್ತರ ಪಾಲಿಗೆ ಆ ಗುಂಡಿ ಬಿತ್ತಿದ ಜಾಗ. ನವೆಂಬರ್ 2ರಂದು ಕಥೋಲಿಕರು ಸಮಾಧಿಗಳಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುವುದು ಈ ಭಾವದಿಂದ. ಶವ ಸುಡುವುದಕ್ಕೆ ಕಥೋಲಿಕ ಸಭೆ ಒಪ್ಪಿದ್ದು 1963ರಲ್ಲಿ, ಅದೂ ಪುನರುತ್ಥಾನವನ್ನು ಅಲ್ಲಗಳೆಯುವ ಉದ್ದೇಶವಿರಕೂಡದೆಂಬ ಷರತ್ತಿನೊಡನೆ. ಬೂದಿಯನ್ನು ಚೆಲ್ಲಬಾರದು, ಪವಿತ್ರ ಸ್ಥಳದಲ್ಲಿಡಬೇಕು ಎಂದು 2016ರಲ್ಲಿ ವ್ಯಾಟಿಕನ್ ಮತ್ತೆ ಹೇಳಿತು.

2020-21ರ ಕೋವಿಡ್ ದಿನಗಳಲ್ಲಿ ಶವ ಮುಟ್ಟಲು ನೆಂಟರೇ ಹಿಂಜರಿದಾಗ, ಬೆಂಗಳೂರಿನ ಕಥೋಲಿಕ ಮಹಾಧರ್ಮಕ್ಷೇತ್ರದ 'ಮರ್ಸಿ ಏಂಜಲ್ಸ್' ಸ್ವಯಂಸೇವಕರು ರಕ್ಷಾಕವಚ ತೊಟ್ಟು ಮುಂದೆ ಬಂದರು. ಸತ್ತವರ ಜಾತಿ ಮತ ಕೇಳಲಿಲ್ಲ. ಹೂಳುವ ಪದ್ಧತಿಯವರನ್ನು ಹೂಳಿದರು, ಸುಡುವ ಪದ್ಧತಿಯವರನ್ನು ಸುಡುಗಾಡಿಗೆ ಒಯ್ದರು.